ಎಡಗಾಲು ಮುಂದೋ, ಬಲಗಾಲು ಮುಂದೋ? ಸೌತ್‌ಪಾ ಮತ್ತು ಆರ್ಥೊಡಾಕ್ಸ್ ನಡುವೆ ಆಯ್ಕೆ ಮಾಡುವುದು ಹೇಗೆ

ಬಾಕ್ಸಿಂಗ್ ಕಲಿಯಲು ಬಂದ ಹುಡುಗನಿಗೆ ಮೊದಲ ದಿನವೇ ಕೇಳಿಬರುವ ಮಾತು: "ಎಡಗಾಲು ಮುಂದ ಇಡು ತಮ್ಮಾ, ಬಲಗೈ ಗಲ್ಲಕ್ಕ ಹಚ್ಚು." ಹುಬ್ಬಳ್ಳಿ-ಧಾರವಾಡದ ಜಿಮ್ ಇರಲಿ, ಗದಗ-ಹಾವೇರಿಯ ಮೈದಾನದ ಬ್ಯಾಚ್ ಇರಲಿ, ಇಪ್ಪತ್ತು ಮಂದಿಯನ್ನು ಒಂದೇ ದಿಕ್ಕಿಗೆ ನಿಲ್ಲಿಸಿದರೆ ಕಲಿಸುವವರಿಗೆ ಸಲೀಸು. ಆದರೆ ಆ ಇಪ್ಪತ್ತರಲ್ಲಿ ಒಬ್ಬಿಬ್ಬರು ಎಡಚರು ಇದ್ದೇ ಇರುತ್ತಾರೆ. ಜಗತ್ತಿನಾದ್ಯಂತ ನೂರಕ್ಕೆ ಸುಮಾರು 10 ಜನ ಎಡಗೈಯವರು. ಅವರ ಬಲವಾದ ಕೈ ಯಾವುದೆಂದು ವಿಚಾರಿಸದೆ ಸಾಲಿಗೆ ಸೇರಿಸಿಬಿಟ್ಟರೆ, ಮುಂದೆ ಅದನ್ನು ತಿದ್ದುವುದಕ್ಕೆ ತಿಂಗಳುಗಟ್ಟಲೆ ಬೇಕು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಡಗೈ ಜೋರಿದ್ದವರು ಸೌತ್‌ಪಾ (ಬಲಗಾಲು ಮುಂದಿನ ನಿಲುವು) ಆಗಿಯೇ ಕಲಿಯಬೇಕು. ಬಲಗೈಯವರಿಗೆ ಆರ್ಥೊಡಾಕ್ಸ್ (ಎಡಗಾಲು ಮುಂದಿನ ನಿಲುವು) ಸಾಕು, ಆದರೆ ತಾಲೀಮಿನಿಂದ ಬಂದ ಕುಸ್ತಿ ಹುಡುಗರ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ಎರಡೂ ಕಡೆ ತಿರುಗಿ ಆಡುವ ಆಸೆಯನ್ನು ಮೊದಲ ಎರಡು ವರ್ಷ ಬದಿಗಿಡಬೇಕು.

ಎರಡರ ಮೂಲ ವ್ಯತ್ಯಾಸ

ಆರ್ಥೊಡಾಕ್ಸ್‌ನಲ್ಲಿ ಎಡಗಾಲು, ಎಡಗೈ ಮುಂದೆ, ಬಲಗೈ ಹಿಂದೆ. ಸೌತ್‌ಪಾದಲ್ಲಿ ಬಲಗಾಲು, ಬಲಗೈ ಮುಂದೆ, ಎಡಗೈ ಹಿಂದೆ. ಮುಂದಿನ ಕೈ ಅಂತರ ಅಳೆಯುತ್ತದೆ, ಎದುರಾಳಿಯ ಕಣ್ಣು ಕಟ್ಟುತ್ತದೆ, ದಾರಿ ತೆರೆಯುತ್ತದೆ. ಹಿಂದಿನ ಕೈಗೆ ಹಿಂಗಾಲಿನ ತಳ್ಳು, ಸೊಂಟದ ತಿರುವು, ಹೆಗಲಿನ ಓಟ ಮೂರೂ ಸೇರುವುದರಿಂದ ದೊಡ್ಡ ಪೆಟ್ಟು ಅಲ್ಲಿಂದಲೇ ಬರುತ್ತದೆ. ಬಲವಾದ ಕೈ ಹಿಂದಿರಲಿ ಎನ್ನುವ ಸಾಮಾನ್ಯ ನಿಯಮ ಹುಟ್ಟಿದ್ದು ಇದೇ ಲೆಕ್ಕದಿಂದ.

ಉಳಿದದ್ದೆಲ್ಲ ಎರಡಕ್ಕೂ ಒಂದೇ: ಗ್ಲೌಸ್, ಬ್ಯಾಂಡೇಜ್, ಬೂಟು, ನಿಯಮ, ಅಂಕ. ಎಡಚರಿಗೆಂದು ಬೇರೆ ಸಾಮಾನು ಏನೂ ಕೊಳ್ಳಬೇಕಿಲ್ಲ.

ಎದುರುಬದುರು ನಿಂತಾಗ ಏನಾಗುತ್ತದೆ

ಇಬ್ಬರು ಆರ್ಥೊಡಾಕ್ಸ್ ಬಾಕ್ಸರ್‌ಗಳು ಎದುರಾದರೆ ಒಬ್ಬನ ಮುಂಗೈ (ಮುಂದಿನ ಕೈ) ಇನ್ನೊಬ್ಬನ ಹಿಂಗೈಗೆ (ಹಿಂದಿನ ಕೈಗೆ) ಎದುರು ಬರುತ್ತದೆ. ಜ್ಯಾಬ್‌ಗೆ, ಅಂದರೆ ಮುಂದಿನ ಕೈಯ ನೇರ ಪೆಟ್ಟಿಗೆ, ನೆಟ್ಟಗೆ ದಾರಿ ಸಿಗುತ್ತದೆ. ಸೌತ್‌ಪಾ ಎದುರಾದ ಕೂಡಲೇ ಈ ಲೆಕ್ಕ ತಿರುಗುಮುರುಗು. ಮುಂಗಾಲಿಗೆ ಮುಂಗಾಲು ಹತ್ತಿರ ಬರುತ್ತದೆ, ಮುಂಗೈಗೆ ಮುಂಗೈ ಅಡ್ಡ ನಿಲ್ಲುತ್ತದೆ. ನಿತ್ಯ ನೂರು ಸಲ ಹೊಡೆದು ರೂಢಿಯಾದ ಜ್ಯಾಬ್ ಎದುರಾಳಿಯ ಗ್ಲೌಸಿಗೆ ಬಡಿದು ನಿಲ್ಲುತ್ತದೆ. ಅದರ ಬದಲು ಇಬ್ಬರ ಹಿಂದಿನ ಕೈಗೂ ನಡುಮಧ್ಯದಲ್ಲಿ ಹಾದಿ ಬಿಚ್ಚಿಕೊಳ್ಳುತ್ತದೆ.

ಆ ಹಾದಿ ಇಬ್ಬರಿಗೂ ತೆರೆದಿದೆ ಎನ್ನುವುದನ್ನು ನೆನಪಿಡಬೇಕು. ಸೌತ್‌ಪಾಗೆ ಅದರಲ್ಲಿ ವಿಶೇಷ ಸೌಲಭ್ಯವೇನೂ ಇಲ್ಲ. ವ್ಯತ್ಯಾಸ ಇರುವುದು ರೂಢಿಯಲ್ಲಿ. ಸೌತ್‌ಪಾ ಹುಡುಗ ದಿನಾಲೂ ಆರ್ಥೊಡಾಕ್ಸ್ ಹುಡುಗರ ಜೊತೆಗೇ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡುತ್ತಾನೆ, ಬೇರೆಯವರು ಸಿಗುವುದೇ ಇಲ್ಲ. ಆರ್ಥೊಡಾಕ್ಸ್ ಹುಡುಗನಿಗೆ ಸೌತ್‌ಪಾ ಸಿಗುವುದು ಅಪರೂಪ. ಬಾಕ್ಸರ್‌ಗಳೇ ಕಡಿಮೆ ಇರುವ ನಮ್ಮ ಕಡೆಯಂತೂ ಇಡೀ ವರ್ಷ ಒಬ್ಬ ಎಡಚನನ್ನೂ ಕಾಣದೆ ನೇರ ಪಂದ್ಯದಲ್ಲೇ ಎದುರಿಸುವವರಿದ್ದಾರೆ. ಹಿರಿಯರ ಅಮೆಚೂರ್ (ಹವ್ಯಾಸಿ) ಪಂದ್ಯವೆಂದರೆ ಮೂರು ನಿಮಿಷದ ಮೂರು ಸುತ್ತು. ಮೊದಲ ಸುತ್ತು ತಬ್ಬಿಬ್ಬಾಗಿ, ಎರಡನೆಯದರಲ್ಲಿ ಅಂತರ ಹುಡುಕುತ್ತ ಕಳೆದರೆ ಉಳಿಯುವುದು ಮೂರೇ ನಿಮಿಷ. ಹನ್ನೆರಡು ಸುತ್ತಿನ ವೃತ್ತಿಪರ ಪಂದ್ಯದಲ್ಲಿ ಎದುರಾಳಿಗೆ ಹೊಂದಿಕೊಳ್ಳಲು ಹೊತ್ತು ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಹಾಗಾಗಿ ಜಿಲ್ಲಾ, ರಾಜ್ಯ ಮಟ್ಟದ ಪಂದ್ಯಗಳಲ್ಲಿ ಸೌತ್‌ಪಾ ಆಗಿರುವುದರ ಲಾಭ ಟಿವಿಯಲ್ಲಿ ಕಾಣುವುದಕ್ಕಿಂತ ಹೆಚ್ಚು.

ಸೌತ್‌ಪಾದ ಕೈಗೆ ಸಿಗುವ ಆಯುಧಗಳು

ಮೊದಲನೆಯದು ಕಾಲಿನದು. ಸೌತ್‌ಪಾ ತನ್ನ ಬಲ ಮುಂಗಾಲನ್ನು ಎದುರಾಳಿಯ ಎಡ ಮುಂಗಾಲಿನ ಹೊರಬದಿಗೆ ಇಟ್ಟರೆ ಅವನ ಎಡಗೈ ತಾನಾಗಿಯೇ ಎದುರಾಳಿಯ ಗಲ್ಲದ ನೇರಕ್ಕೆ ಬರುತ್ತದೆ, ಎದುರಾಳಿಯ ಬಲಗೈ ದೂರವಾಗುತ್ತದೆ. ಎರಡು ಪಾದಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟರೆ ಸಾಕು. ಹೊಸಬರು ಒಂದಡಿ ಹೊರಗೆ ಹೋಗಿಬಿಡುತ್ತಾರೆ. ಆಗ ಎಡಗೈ ಮುಟ್ಟುವುದಿಲ್ಲ, ಮುಟ್ಟಿಸಲು ಮುಂದೆ ಬಾಗುತ್ತಾರೆ, ಬಾಗಿದಲ್ಲೇ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಪೆಟ್ಟು) ತಿನ್ನುತ್ತಾರೆ. ತೀರ ಹತ್ತಿರ ಇಟ್ಟರೆ ಪಾದ ತುಳಿದು ಮುಗ್ಗರಿಸುವುದು ಖಾತ್ರಿ.

ಎರಡನೆಯದು ಹೊಟ್ಟೆಗೆ ಹೊಡೆಯುವ ನೇರ ಎಡಗೈ. ಲಿವರ್ ಇರುವುದು ಮೈಯ ಬಲಭಾಗದಲ್ಲಿ, ಪಕ್ಕೆಲುಬಿನ ಅಡಿಗೆ. ಆರ್ಥೊಡಾಕ್ಸ್ ಬಾಕ್ಸರ್ ಎಡಹೆಗಲು ಮುಂದೆ ಮಾಡಿ ನಿಂತಾಗ ಅವನ ಬಲ ಮಗ್ಗುಲು ಸೌತ್‌ಪಾದ ಎಡಗೈಯ ದಿಕ್ಕಿಗೇ ತೆರೆದಿರುತ್ತದೆ, ಕಾಯುವುದಕ್ಕೆ ಒಂದು ಮೊಣಕೈ ಮಾತ್ರ. ಅವನು ಬಲಗೈ ಎಸೆದ ಕ್ಷಣ ಆ ಮೊಣಕೈಯೂ ಎದ್ದುಹೋಗುತ್ತದೆ. ಇದನ್ನು ಸೊಂಟ ಬಗ್ಗಿಸಿ ಹೊಡೆಯಬಾರದು, ಮೊಣಕಾಲು ಮಡಿಸಿ ಹೆಗಲನ್ನೇ ಗುರಿಯ ಮಟ್ಟಕ್ಕೆ ಇಳಿಸಬೇಕು. ಬಲಗೈ ಗಲ್ಲಕ್ಕೆ ಅಂಟಿಕೊಂಡೇ ಇರಬೇಕು. ಸೌತ್‌ಪಾದ ಲಿವರ್ ಮುಂದಿನ ಮಗ್ಗುಲಿಗೆ ಬರುತ್ತದೆ, ಅಲ್ಲಿ ಮುಂದಿನ ಮೊಣಕೈ ಕಾವಲಿಗಿರುತ್ತದೆ. ಆರ್ಥೊಡಾಕ್ಸ್‌ನ ಬಲಗೈ ಅವನ ಎಡ ಮಗ್ಗುಲನ್ನು ತಲುಪಿದರೂ ಅಲ್ಲಿ ಲಿವರ್ ಇಲ್ಲ. ಇದೊಂದು ಮಾತ್ರ ಸೌತ್‌ಪಾಗೆ ನಿಜವಾಗಿ ಒಲಿದು ಬಂದ ಅನುಕೂಲ, ರೂಢಿಯ ಮಾತಲ್ಲ.

ಮೂರನೆಯದು ಮುಂದಿನ ಬಲಗೈಯ ಹುಕ್, ಅಂದರೆ ಮೊಣಕೈ ಮಡಿಸಿ ಬದಿಯಿಂದ ಬೀಸುವ ಪೆಟ್ಟು. ಎದುರಾಳಿ ನುಗ್ಗಿ ಬಂದಾಗ ಬಲ ಮುಂಗಾಲಿನ ಮೇಲೆ ತಿರುಗುತ್ತ, ಹಿಂಗಾಲನ್ನು ಅರ್ಧ ವೃತ್ತ ಎಳೆದುಕೊಂಡು ಹೊಡೆದರೆ ಅವನು ಖಾಲಿ ಜಾಗಕ್ಕೆ ಹೋಗಿ ಬೀಳುತ್ತಾನೆ. ನೇರ ಎಡಗೈಗೆ ಹೆದರಿ ಗಾರ್ಡ್ (ಮುಖ ಕಾಯುವ ಕೈಗಳು) ನಡುವಿಗೆ ತಂದವನ ಕೆನ್ನೆಗೂ ಇದೇ ಮದ್ದು.

ಇವೆಲ್ಲದಕ್ಕೂ ಮೊದಲು ಮುಂಗೈಗಳ ತಿಕ್ಕಾಟ ಗೆಲ್ಲಬೇಕು. 2024ರಲ್ಲಿ ಹೆವಿವೇಟ್‌ನ ಏಕಮೇವ ಚಾಂಪಿಯನ್ ಆದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಸೌತ್‌ಪಾ. ಅವರ ಆಟ ನೋಡುವಾಗ ಬಲಗೈಯನ್ನಷ್ಟೇ ಗಮನಿಸಿ: ಮುಟ್ಟುತ್ತದೆ, ತಟ್ಟುತ್ತದೆ, ಕಣ್ಣಿಗೆ ಅಡ್ಡ ಬರುತ್ತದೆ, ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಎದುರಾಳಿಯ ಗ್ಲೌಸನ್ನು ತಟ್ಟಿ ಸರಿಸುವುದಕ್ಕೆ ಅಡ್ಡಿಯಿಲ್ಲ, ಹಿಡಿದುಕೊಂಡರೆ ರೆಫರಿ ಎಚ್ಚರಿಸುತ್ತಾರೆ.

ನಮ್ಮ ದೇಶದಲ್ಲಿ ಎರಡಕ್ಕೂ ಒಳ್ಳೆಯ ಮಾದರಿಗಳಿವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ ಆರ್ಥೊಡಾಕ್ಸ್. 2010ರ ಏಷ್ಯನ್ ಗೇಮ್ಸ್, 2018ರ ಕಾಮನ್‌ವೆಲ್ತ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದ ವಿಕಾಸ್ ಕೃಷನ್ ಸೌತ್‌ಪಾ.

ಸೌತ್‌ಪಾ ಎಲ್ಲಿ ಸೋಲುತ್ತಾನೆ

ನೇರ ಬಲಗೈಗೆ. ಬೇರೆ ಕಾರಣಗಳೂ ಇವೆ, ಆದರೆ ದೊಡ್ಡದು ಇದೇ. 1994ರ ಏಪ್ರಿಲ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್‌ರನ್ನು ಸೋಲಿಸಿ ಮೈಕೆಲ್ ಮೂರರ್ ಹೆವಿವೇಟ್‌ನ ಮೊದಲ ಸೌತ್‌ಪಾ ಚಾಂಪಿಯನ್ ಆದರು. ಅದೇ ವರ್ಷ ನವೆಂಬರ್‌ನಲ್ಲಿ 45 ವರ್ಷದ ಜಾರ್ಜ್ ಫೋರ್‌ಮನ್ ಹತ್ತನೇ ಸುತ್ತಿನಲ್ಲಿ ನೇರ ಬಲಗೈಯಿಂದ ಅವರನ್ನು ನೆಲಕ್ಕೆ ಕೆಡವಿದರು. 2012ರ ಡಿಸೆಂಬರ್‌ನಲ್ಲಿ ಸೌತ್‌ಪಾ ಮ್ಯಾನಿ ಪ್ಯಾಕ್ವಿಯಾವ್ ನುಗ್ಗಿ ಬರುವಾಗ ಹುವಾನ್ ಮ್ಯಾನುಯೆಲ್ ಮಾರ್ಕೆಸ್ ಆರನೇ ಸುತ್ತಿನಲ್ಲಿ ಒಂದೇ ಬಲಗೈ ಪೆಟ್ಟಿಗೆ ಪಂದ್ಯ ಮುಗಿಸಿದರು. ತನ್ನ ಎಡಗೈಗೆ ತೆರೆದ ಹಾದಿಯಲ್ಲೇ ಎದುರಾಳಿಯ ಬಲಗೈಯೂ ಬರುತ್ತದೆಂದು ಸೌತ್‌ಪಾ ಮರೆತರೆ ಆಗುವುದು ಇದು.

ಕ್ಲಾಸಿನಲ್ಲಿ ಈ ತಪ್ಪಿನ ರೂಪ ಹೀಗಿರುತ್ತದೆ: ಹುಡುಗ ಎಡಗೈ ಎಸೆಯುತ್ತಾನೆ, ಅದೇ ಹೊತ್ತಿಗೆ ಬಲಗೈ ಎದೆಯ ಮಟ್ಟಕ್ಕೆ ಇಳಿಯುತ್ತದೆ, ತಲೆ ಇದ್ದಲ್ಲೇ ಇರುತ್ತದೆ, ಆಮೇಲೆ ನೆಟ್ಟಗೆ ಹಿಂದೆ ಸರಿಯುತ್ತಾನೆ. ಸರಿಪಡಿಸಲು ಎಡಗೈ ಹೊಡೆಯುವಾಗಲೇ ತಲೆಯನ್ನು ಬಲ ಮೊಣಕಾಲಿನ ಮೇಲಕ್ಕೆ ತರಬೇಕು, ಕೈ ವಾಪಸ್ ಬಂದಕೂಡಲೇ ಒಂದು ಹೆಜ್ಜೆ ಬಲಕ್ಕೆ ಸರಿಯಬೇಕು. ಎಡಕ್ಕೆ ಸರಿದರೆ ನೇರ ಎದುರಾಳಿಯ ಬಲಗೈಗೆ ನಡೆದುಹೋದಂತೆ. ಸುತ್ತುವುದಾದರೂ ಅಷ್ಟೇ, ಆರ್ಥೊಡಾಕ್ಸ್ ಎದುರಿಗೆ ಸೌತ್‌ಪಾದ ಸಹಜ ದಿಕ್ಕು ಬಲ.

ಇನ್ನೆರಡು ತೊಂದರೆಗಳು. ಇಬ್ಬರೂ ಹೊರಬದಿಯ ಕಾಲಿಗಾಗಿ ಒಂದೇ ಕಡೆ ನುಗ್ಗುವುದರಿಂದ ತಲೆಗೆ ತಲೆ ಬಡಿಯುವುದು ಹೆಚ್ಚು. ಹಿರಿಯ ಪುರುಷರ ಅಮೆಚೂರ್ ಪಂದ್ಯಗಳಲ್ಲಿ 2013ರಿಂದ ಹೆಡ್‌ಗಾರ್ಡ್ ತೆಗೆದಿದ್ದಾರೆ, ಹುಬ್ಬು ಒಡೆದರೆ ಪಂದ್ಯ ಅಲ್ಲಿಗೇ ನಿಲ್ಲಬಹುದು. ಸ್ಪಾರಿಂಗ್‌ನಲ್ಲಿ ಹೆಡ್‌ಗಾರ್ಡ್ ಬಿಡಲೇಬೇಡಿ. ಇನ್ನೊಂದು, ಸೌತ್‌ಪಾ ಎದುರಿಗೆ ಸೌತ್‌ಪಾ ಬಂದಾಗಿನ ಗಲಿಬಿಲಿ. ಅವನಿಗೂ ಎಡಚರ ರೂಢಿ ಇರುವುದಿಲ್ಲವಲ್ಲ! ಬ್ಯಾಚಿನಲ್ಲಿ ಇನ್ನೊಬ್ಬ ಎಡಚ ಇಲ್ಲದಿದ್ದರೆ ಅನುಭವವುಳ್ಳ ಆರ್ಥೊಡಾಕ್ಸ್ ಹುಡುಗನನ್ನು ವಾರಕ್ಕೆ ಎರಡು ಸುತ್ತು ತಿರುಗಿ ನಿಲ್ಲಿಸಿ ಹಗುರವಾಗಿ ಆಡಿಸಬೇಕು.

ಬಲವಾದ ಕೈ ಯಾವುದೆಂದು ಪರೀಕ್ಷಿಸುವುದು

ಬರೆಯುವ ಕೈ, ಊಟದ ಕೈ ನೋಡಿ ತೀರ್ಮಾನಿಸಬೇಡಿ. ನಮ್ಮ ಮನೆಗಳಲ್ಲಿ "ಎಡಗೈಲೆ ಉಣಬ್ಯಾಡ" ಎಂದು ಅವ್ವ, ಆಯಿ ಸಣ್ಣಂದಿನಲ್ಲೇ ತಿದ್ದಿರುತ್ತಾರೆ, ಶಾಲೆಯಲ್ಲಿ ಪೆನ್ಸಿಲನ್ನೂ ಬಲಗೈಗೆ ಕೊಡಿಸಿರುತ್ತಾರೆ. ಹಾಗೆ ತಿದ್ದಿಸಿಕೊಂಡ ಎಡಚರು ತಾವು ಬಲಗೈಯವರೆಂದೇ ನಂಬಿ ಬರುತ್ತಾರೆ. ಯಾರೂ ತಿದ್ದದ ಕೆಲಸಗಳನ್ನು ಮಾಡಿಸಿ ನೋಡಬೇಕು. ಕಲ್ಲನ್ನು ದೂರಕ್ಕೆ ಬೀಸಿ ಒಗೆಯುವುದು, ಬುಗುರಿ ಹೊಡೆಯುವುದು, ಮೊಳೆಗೆ ಸುತ್ತಿಗೆ ಹಾಕುವುದು, ಕುಡುಗೋಲು ಹಿಡಿಯುವುದು. ಇವುಗಳಲ್ಲಿ ಕಲ್ಲು ಒಗೆಯುವುದಕ್ಕೆ ಹೆಚ್ಚು ಬೆಲೆ ಕೊಡಿ, ಏಕೆಂದರೆ ಅದರಲ್ಲಿ ಹಿಂಗಾಲಿನಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಬಲ ಹರಿಯುವ ರೀತಿ ಹಿಂದಿನ ಕೈಯ ಪೆಟ್ಟಿನದೇ.

ಆಮೇಲೆ ಬ್ಯಾಗಿನ ಮುಂದೆ ನಿಲ್ಲಿಸಿ ಎರಡೂ ಸ್ಟ್ಯಾನ್ಸ್‌ನಲ್ಲಿ (ನಿಲುವಿನಲ್ಲಿ) ಹಿಂದಿನ ಕೈಯಿಂದ ಹತ್ತತ್ತು ನೇರ ಪೆಟ್ಟು ಹೊಡೆಸಿ, ಬದಿಯಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ. ಪೆಟ್ಟಿನ ಸದ್ದು ನಂಬಬೇಡಿ, ಹಿಂಗಾಲಿನ ಹಿಮ್ಮಡಿ ನೋಡಿ. ಹಿಮ್ಮಡಿ ಹೊರಕ್ಕೆ ತಿರುಗಿ ಸೊಂಟ ಹಿಂಬಾಲಿಸಿದರೆ ಆ ಕೈ ಹಿಂದಿರಲು ಯೋಗ್ಯ. ಪಾದ ನೆಲಕ್ಕೆ ಅಂಟಿ ತೋಳು ಮಾತ್ರ ಓಡುತ್ತಿದ್ದರೆ ಆ ಕಡೆ ಇನ್ನೂ ಬಲ ಬಂದಿಲ್ಲ. ಬ್ಯಾಗಿನ ಒಳಗೆ ಏನಿದೆ ಎಂಬುದನ್ನೂ ಕೇಳಿಕೊಳ್ಳಿ. ಬರೀ ಮರಳು ತುಂಬಿದ್ದರೆ ಅದು ಕೆಳಗೆ ಕೂತು ಕಲ್ಲಿನಂತಾಗಿ ಹೊಸಬರ ಮಣಿಕಟ್ಟು ಉಳುಕುತ್ತದೆ. ದರ್ಜಿ ಅಂಗಡಿಯ ಬಟ್ಟೆ ಚಿಂದಿ ಒತ್ತಿ ತುಂಬಿದ ಬ್ಯಾಗು ಪರೀಕ್ಷೆಗೂ ಸಾಧನೆಗೂ ಒಳ್ಳೆಯದು.

ಯಾರಿಗೆ ಯಾವುದು

ಎಡಗೈ ಜೋರು, ಹೊಸಬ: ಸೌತ್‌ಪಾ. ಇದರಲ್ಲಿ ಎರಡು ಮಾತಿಲ್ಲ. "ನನಗೆ ಎಡಚರಿಗೆ ಕಲಿಸಿ ಗೊತ್ತಿಲ್ಲ" ಎನ್ನುವ ಕೋಚ್ ಇದ್ದರೆ ವಿನಯದಿಂದಲೇ ಒತ್ತಾಯಿಸಿ: "ಸರ್, ಒಂದೂವರೆ ತಿಂಗಳು ಬಲಗಾಲು ಮುಂದಿಟ್ಟೇ ಮಾಡ್ತೀನಿ, ಆಮ್ಯಾಲೆ ನೀವು ಹೇಳಿದಂಗ." ಗುಂಪಿನಲ್ಲಿ "ಎಡಗೈ! ಬಲಗೈ!" ಎಂದು ಕೂಗುವಾಗ ಸೌತ್‌ಪಾ ಹುಡುಗ ಪ್ರತಿ ಸಲ ತಲೆಯಲ್ಲೇ ತಿರುಗಿಸಿಕೊಳ್ಳಬೇಕಾಗುತ್ತದೆ, ಅರ್ಧ ಸೆಕೆಂಡು ಹಿಂದೆ ಬೀಳುತ್ತಾನೆ, ದಡ್ಡನಂತೆ ಕಾಣುತ್ತಾನೆ. "ಮುಂದಿನ ಕೈ, ಹಿಂದಿನ ಕೈ" ಎಂದೋ "ಒಂದು, ಎರಡು" ಎಂದೋ ಕೂಗಿದರೆ ಈ ತೊಂದರೆ ಅದೇ ದಿನ ಮುಗಿಯುತ್ತದೆ. ಕಲಿಸುವ ಎಲ್ಲರಿಗೂ ನಮ್ಮ ಕಳಕಳಿಯ ಕೋರಿಕೆ ಇದು.

ಎಡಗೈ ಜೋರಿದ್ದೂ ಆರ್ಥೊಡಾಕ್ಸ್ ಆಡುವುದು: ಇದನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಆಸ್ಕರ್ ಡೆ ಲಾ ಹೋಯಾ ಹುಟ್ಟಾ ಎಡಚರು, ಆಡಿದ್ದು ಆರ್ಥೊಡಾಕ್ಸ್. ಪೋರ್ಟೊರಿಕೋದ ಮಿಗೆಲ್ ಕಾಟ್ಟೊ ಕೂಡ ಹಾಗೆಯೇ. ಬಲವಾದ ಕೈ ಮುಂದೆ ಬಂದರೆ ಜ್ಯಾಬ್ ಪೆಟ್ಟಾಗುತ್ತದೆ, ಎಡ ಹುಕ್ ಕೆಡವುತ್ತದೆ. ಬೆಲೆ ತೆರಬೇಕಾದದ್ದು ಹಿಂದಿನ ಬಲಗೈಯಲ್ಲಿ. ಅದು ಬೆಳೆಯಲು ತಡ, ಅಲ್ಲಿಯತನಕ ಎದುರಾಳಿ ಒಂದೇ ಕೈಗೆ ಕಾವಲು ಹಾಕಿದರೆ ಸಾಕು. ಎರಡು ವರ್ಷ ಹೀಗೆ ಆಡಿ ಗೆಲ್ಲುತ್ತಿರುವವರು ಬದಲಿಸಬೇಡಿ. ಮೂರು ತಿಂಗಳ ಹಿಂದೆ ಸೇರಿದವರು ಇವತ್ತೇ ಬದಲಿಸಿ.

ಬಲಗೈ ಜೋರು, ಸೌತ್‌ಪಾ ಆಸೆ: ಹೆಚ್ಚಿನವರಿಗೆ ಬೇಡ ಎನ್ನುತ್ತೇವೆ. ಪಂದ್ಯದಲ್ಲಿ ಸೌತ್‌ಪಾ ಆಟವೆಲ್ಲ ನೇರ ಎಡಗೈಯ ಭಯದ ಮೇಲೆ ನಿಂತಿದೆ. ಆ ಎಡಗೈಯಲ್ಲಿ ಬಲವೇ ಇಲ್ಲವೆಂದು ಒಂದು ಸುತ್ತಿನಲ್ಲಿ ಎದುರಾಳಿಗೆ ಗೊತ್ತಾದರೆ ಅವನು ನಿರ್ಭಯವಾಗಿ ನುಗ್ಗುತ್ತಾನೆ.

ಕುಸ್ತಿಯವರನ್ನು ಮಾತ್ರ ಬೇರೆಯಾಗಿ ನೋಡಬೇಕು. ಬಲಗೈಯ ಎಷ್ಟೋ ಪೈಲ್ವಾನರು ಬಲಗಾಲು ಮುಂದಿಟ್ಟೇ ನಿಲ್ಲುತ್ತಾರೆ. ಧಾರವಾಡ, ಗದಗ, ಹಾವೇರಿಯ ತಾಲೀಮುಗಳಲ್ಲಿ ನಾಲ್ಕೈದು ವರ್ಷ ಮಣ್ಣು ಹೊತ್ತ ಹುಡುಗನ ಹೆಜ್ಜೆ, ತೂಕ, ಹಿಂದೆ ಮುಂದೆ ಸರಿಯುವ ಲಯ ಎಲ್ಲವೂ ಆ ದಿಕ್ಕಿಗೇ ಕೂತಿರುತ್ತವೆ. ಅವನನ್ನು ಎಡಗಾಲು ಮುಂದೆ ನಿಲ್ಲಿಸಿದರೆ ಕಾಲು ಹೊಸದು, ಕೈ ಹೊಸದು, ಎರಡೂ ಒಟ್ಟಿಗೆ ಕಲಿಯಬೇಕು. ಅವನಿಗೆ ಆರು ವಾರ ಸೌತ್‌ಪಾ ಕೊಟ್ಟು ನೋಡುವುದು ಲೇಸು. ಎಡ ಹಿಮ್ಮಡಿ ತಿರುಗತೊಡಗಿದರೆ ಮುಂದುವರಿಸಿ, ಇಲ್ಲವೆಂದರೆ ಆರ್ಥೊಡಾಕ್ಸ್‌ಗೆ ತನ್ನಿ. ಎರಡು ಕುಸ್ತಿ ರೂಢಿಗಳನ್ನು ಮೊದಲ ದಿನದಿಂದಲೇ ಬಿಡಿಸಬೇಕು: ಮುಂಗಾಲಿನ ಮೇಲೆ ಭಾರ ಹಾಕಿ ಬಾಗುವುದು, ಕೈಗಳನ್ನು ಸೊಂಟದ ಮಟ್ಟಕ್ಕೆ ಇಳಿಸುವುದು.

ಎರಡೂ ಕಡೆ ಆಡುವುದು: ಎರಡೂ ಕಡೆ ತಿರುಗಿ ಆಡುವ ಅಮೆರಿಕದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್‌ರ ಆಟ ನೋಡಿ ಎಲ್ಲರಿಗೂ ಈ ಆಸೆ ಹುಟ್ಟುತ್ತದೆ. 1987ರ ಏಪ್ರಿಲ್‌ನಲ್ಲಿ ಶುಗರ್ ರೇ ಲಿಯೊನಾರ್ಡ್ ಎದುರು ಮಾರ್ವಿನ್ ಹ್ಯಾಗ್ಲರ್ ಏನು ಮಾಡಿದರೆಂದೂ ನೋಡಬೇಕು. ಹೆಸರಾಂತ ಸೌತ್‌ಪಾ ಆಗಿದ್ದ ಅವರು ಆರ್ಥೊಡಾಕ್ಸ್ ನಿಂತು ಶುರು ಮಾಡಿದರು, ಮೊದಲ ಸುತ್ತುಗಳು ಕೈಬಿಟ್ಟವು, ಕೊನೆಗೆ ತೀರ್ಪುಗಾರರ ಒಡೆದ ಮತದಲ್ಲಿ ಪಂದ್ಯವೂ ಹೋಯಿತು. ಅಂಥ ಆಟಗಾರನಿಗೇ ದುಬಾರಿಯಾದ ಪ್ರಯೋಗ ಅದು. ಒಂದು ಸ್ಟ್ಯಾನ್ಸ್‌ನಲ್ಲಿ ಕಣ್ಣುಮುಚ್ಚಿ ಹೆಜ್ಜೆ ಹಾಕುವಷ್ಟು ಹದ ಬಂದ ಮೇಲೆ ಇನ್ನೊಂದನ್ನು ಶ್ಯಾಡೋದಲ್ಲಿ (ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸದಲ್ಲಿ) ಶುರು ಮಾಡಿ.

ಸೌತ್‌ಪಾ ಆರಿಸಿಕೊಂಡವರ ಮೊದಲ ಆರು ವಾರ

ಶಹಾಬಾದ ಫರಸಿ ಹಾಸಿದ ನೆಲ ಇದ್ದರೆ ಸ್ಟ್ಯಾನ್ಸ್ ಕಲಿಯಲು ಬೇರೇನೂ ಬೇಡ, ಕಲ್ಲಿನ ಸಂದಿಯೇ ಗೆರೆ. ಸಂದಿಯ ಬಲಕ್ಕೆ ಬಲಪಾದ ಮುಂದೆ, ಎಡಕ್ಕೆ ಎಡಪಾದ ಹಿಂದೆ. ಮುಂದಿನ ಹೆಬ್ಬೆರಳಿನಿಂದ ಹಿಂದಿನ ಹಿಮ್ಮಡಿಯವರೆಗೆ ಎರಡಡಿ ಕಲ್ಲಿನ ಉದ್ದಕ್ಕಿಂತ ತುಸು ಹೆಚ್ಚು, ಎತ್ತರ ನೋಡಿ ಹೊಂದಿಸಿ. ಮುಂದಿನ ಪಾದದ ಬೆರಳು ಸ್ವಲ್ಪ ಒಳಕ್ಕೆ, ಹಿಂದಿನ ಹಿಮ್ಮಡಿ ನೆಲದಿಂದ ಒಂದಿಂಚು ಮೇಲೆ, ಭಾರ ಎರಡೂ ಕಾಲಿಗೆ ಸಮ. ಜೊತೆಗಾರ ಹೆಗಲಿಗೆ ಪಕ್ಕದಿಂದ ತಳ್ಳಲಿ. ಓಲಾಡಿದರೆ ಎರಡೂ ಪಾದ ಒಂದೇ ಗೆರೆಗೆ ಬಂದಿವೆ. ಎದೆ ಪೂರ್ತಿ ಎದುರಾಳಿಗೆ ಕಾಣುತ್ತಿದ್ದರೆ ಪಾದಗಳು ತೀರ ಅಗಲವಾಗಿವೆ.

ಮೊದಲೆರಡು ವಾರ ಹೆಜ್ಜೆ ಮತ್ತು ಜ್ಯಾಬ್ ಮಾತ್ರ. ಹೋಗುವ ದಿಕ್ಕಿನ ಕಾಲು ಮೊದಲು ಸರಿಯಬೇಕು: ಮುಂದಕ್ಕೂ ಬಲಕ್ಕೂ ಬಲಗಾಲು, ಹಿಂದಕ್ಕೂ ಎಡಕ್ಕೂ ಎಡಗಾಲು. ಇದು ತಪ್ಪಿದರೆ ಕಾಲಿಗೆ ಕಾಲು ತೊಡರುತ್ತದೆ. ಮೂರು, ನಾಲ್ಕನೆಯ ವಾರ ನೇರ ಎಡಗೈ ಸೇರಿಸಿ, ದಿನಕ್ಕೆ ಇಪ್ಪತ್ತರ ಮೂರು ಸರದಿ ನಿಧಾನವಾಗಿ. ಐದನೆಯ ವಾರದಿಂದ ಜೊತೆಗಾರನನ್ನು ಆರ್ಥೊಡಾಕ್ಸ್ ನಿಲ್ಲಿಸಿ, ಹೊರಬದಿಗೆ ಹೆಜ್ಜೆ ಇಟ್ಟು ಜ್ಯಾಬ್, ಹಿಂದೆಯೇ ಎಡಗೈ, ಬಲಕ್ಕೆ ಪಾರು. ಪ್ಯಾಡ್ (ಪೆಟ್ಟು ತಡೆಯಲು ಕೈಗೆ ಹಾಕುವ ಮೆತ್ತೆ) ಹಿಡಿದವರು ಸುಮ್ಮನೆ ಪೆಟ್ಟು ತಿನ್ನದೆ ಪ್ರತಿ ಎಡಗೈಯ ಹಿಂದೆಯೇ ತಮ್ಮ ಬಲ ಪ್ಯಾಡನ್ನು ನೇರವಾಗಿ ಹುಡುಗನ ಮುಖಕ್ಕೆ ತರಬೇಕು. ಮೇಲಿನ ದೊಡ್ಡ ತಪ್ಪು ಹುಟ್ಟುವ ಮೊದಲೇ ಸಾಯುವುದು ಹೀಗೆ.

ಸ್ಪಾರಿಂಗ್ ಮೂರು ತಿಂಗಳ ಒಳಗೆ ಬೇಡ. ಶುರು ಮಾಡಿದಾಗಲೂ 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್, ಮೌತ್‌ಗಾರ್ಡ್ ಹಾಕಿ, ಎರಡು ನಿಮಿಷದ ಎರಡು ಸುತ್ತು ಸಾಕು. ಮೊದಲ ಸುತ್ತಿನಲ್ಲಿ ಇಬ್ಬರೂ ಮುಂಗೈ ಮಾತ್ರ ಬಳಸಲಿ. ಎರಡನೆಯದರಲ್ಲಿ ಆರ್ಥೊಡಾಕ್ಸ್ ಹುಡುಗನಿಗೆ ಬಲಗೈ ಬಿಟ್ಟುಕೊಡಿ, ಸೌತ್‌ಪಾ ತಪ್ಪಿಸಿಕೊಂಡು ಬಲಕ್ಕೆ ಸರಿಯುವುದನ್ನಷ್ಟೇ ಮಾಡಲಿ. ಅವನ ಎಡಗೈ ಮುಂದಿನ ವಾರಕ್ಕೆ ಇರಲಿ.